ಸಹಾಯ ಬೇಕು: ಮುಖಕ್ಕೆ ಫಿಲ್ಲರ್ ಹಾಕುವವರನ್ನು ಹೇಗೆ ಆರಿಸುವುದು?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ ಮೂಗಿನ ಪಕ್ಕದ ಗೆರೆಗಳಿಗೆ ಫಿಲ್ಲರ್ (ಗೆರೆ ತುಂಬಲು ಚರ್ಮದಡಿಗೆ ಸೇರಿಸುವ ಜೆಲ್‌ನಂಥ ವಸ್ತು) ಚುಚ್ಚುಮದ್ದು ಹಾಕಿಸಿಕೊಳ್ಳಬೇಕೆಂದಿದ್ದಾಳೆ. ಅದು ಅವಳ ಇಷ್ಟ, ಬೇಕೇ ಬೇಡವೇ ಎಂಬ ಚರ್ಚೆ ದಯವಿಟ್ಟು ಬೇಡ. ನನ್ನ ಆತಂಕವೆಲ್ಲ ಸೂಜಿ ಹಿಡಿಯುವವರ ಬಗ್ಗೆ. ಅವಳು ವಿಚಾರಿಸಿದ ಸೌಂದರ್ಯ ಕೇಂದ್ರದಲ್ಲಿ ಚುಚ್ಚುವವರು ವೈದ್ಯರೇ ಎಂದು ಕೇಳಿದರೆ ‘ತರಬೇತಿ ಪಡೆದವರು’ ಎಂದಷ್ಟೇ ಉತ್ತರ ಬಂತು.

ಫಿಲ್ಲರ್ ರಕ್ತನಾಳದೊಳಗೆ ಹೋದರೆ ಆ ಭಾಗದ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಹಯಲುರಾನಿಕ್ ಆಮ್ಲದ ಫಿಲ್ಲರ್ ಆದರೆ ಹಯಲುರಾನಿಡೇಸ್ ಎಂಬ ಔಷಧ ಕೊಟ್ಟು ಕರಗಿಸಬಹುದು. ಬೇರೆ ಬಗೆಯ ಫಿಲ್ಲರ್‌ಗಳಿಗೆ ಅದು ನಾಟುವುದಿಲ್ಲ. ಆ ಔಷಧವನ್ನು ಕೈಗೆಟುಕುವಂತೆ ಇಟ್ಟುಕೊಳ್ಳದ ಕಡೆಗೆ ಅಕ್ಕನನ್ನು ಕಳುಹಿಸಲು ನನಗೆ ಖಂಡಿತ ಮನಸ್ಸಿಲ್ಲ.

ಹಾಕಿಸಿಕೊಂಡವರು, ಚರ್ಮವೈದ್ಯರು ಯಾರಾದರೂ ಇದ್ದರೆ ದಾರಿ ತೋರಿಸಿ. ವೈದ್ಯರ ನೋಂದಣಿ ಸಂಖ್ಯೆಯನ್ನು ತಾಳೆ ನೋಡುತ್ತೇವೆ, ಅದರಾಚೆ ಅವರ ಅನುಭವವನ್ನು ಅಳೆಯುವುದು ಹೇಗೆ? ಪೊಟ್ಟಣವನ್ನು ನಮ್ಮೆದುರೇ ಒಡೆಯಿರಿ, ಬ್ಯಾಚ್ ಸಂಖ್ಯೆ ಬರೆದುಕೊಡಿ ಎಂದು ಕೇಳಿದಾಗ ನಿಮ್ಮ ವೈದ್ಯರು ಒಪ್ಪಿದರೇ? ಮನೆಗೆ ಬಂದ ಮೇಲೆ ತೀವ್ರ ನೋವು ಶುರುವಾದರೆ, ಚರ್ಮ ಬಿಳಿಚಿಕೊಂಡರೆ ತಕ್ಷಣ ಯಾರು ನೋಡುತ್ತಾರೆ ಎಂಬುದನ್ನು ಮೊದಲೇ ಹೇಗೆ ಖಚಿತಪಡಿಸಿಕೊಂಡಿರಿ? ಅಕ್ಕ ಇನ್ನೂ ಮುಂಗಡ ಕೊಟ್ಟಿಲ್ಲ, ಹಾಗಾಗಿ ಬೇಗ ತಿಳಿಸಿದರೆ ದೊಡ್ಡ ಉಪಕಾರ.