ಆಕ್ಸಿಡೆಂಟ್ ಕೇಸು: ವಕೀಲರು ಶೇ 20 ಕೇಳ್ತಿದ್ದಾರೆ, ಆಸ್ಪತ್ರೆ ಬಿಲ್ ದುಡ್ಡು ಹೇಗೆ ಬರುತ್ತೆ?

ಕಾವೇರಿ ದಡ (ಪ್ರಶ್ನೆ)
ಮದ್ದೂರಿನ ಹತ್ತಿರ ತಮ್ಮನ ಬೈಕಿಗೆ ಕಾರು ಗುದ್ದಿ ಮೂರು ವಾರ ಆಯ್ತು. ವಯಸ್ಸು 34, ಗಾರೆ ಕೆಲಸ. ತೊಡೆ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ 3.80 ಲಕ್ಷ ಬಿಲ್, ಸಾಲ ಮಾಡಿ ಕಟ್ಟಿದ್ದೇವೆ. ಎಫ್‌ಐಆರ್ ಆಗಿದೆ, ಕಾರಿಗೆ ಇನ್ಶೂರೆನ್ಸ್ ಇದೆ. ಒಬ್ಬ ವಕೀಲರು "ಈಗೇನೂ ಬೇಡ, ಬಂದ ಹಣದಲ್ಲಿ ಶೇ 20 ಕೊಡಿ" ಅಂತ ಖಾಲಿ ಚೆಕ್ ಕೇಳ್ತಿದ್ದಾರೆ. ಒಪ್ಪಬಹುದಾ? ಬಿಲ್ ದುಡ್ಡು ಯಾವಾಗ ಸಿಗುತ್ತೆ?

ಮಳಲವಾಡಿ
ಚೆಕ್ ಕೊಡಲೇಬೇಡಿ. ಪರಿಹಾರದಲ್ಲಿ ಪಾಲು ಕೇಳೋದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷೇಧ ಇದೆ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ತೆಲಂಗಾಣದ ಪ್ರಕರಣವೂ ಅಪಘಾತ ಪರಿಹಾರದ್ದೇ. ವಕೀಲರು ಫೀಸಿಗೆ ಅಂತ ಚೆಕ್ ಬರೆಸಿಕೊಂಡಿದ್ದರು. ಶೇಕಡಾ ಲೆಕ್ಕದ ಫೀಸು ಕಾನೂನಿಗೆ ವಿರುದ್ಧ ಅಂತ ಚೆಕ್ ಬೌನ್ಸ್ ಕೇಸನ್ನೇ ಕೋರ್ಟ್ ರದ್ದು ಮಾಡಿತು.

ವಕೀಲರ ದುಡಿಮೆಗೆ ಫೀಸು ಕೊಡಲೇಬೇಕು, ಆದರೆ ಮೊತ್ತ ಗೊತ್ತಾಗಿರಲಿ. ಅರ್ಜಿ ಹಾಕುವಾಗ ಇಷ್ಟು, ಸಾಕ್ಷಿ ಮುಗಿದಾಗ ಇಷ್ಟು, ತೀರ್ಪಾದಾಗ ಇಷ್ಟು ಅಂತ ಬರೆಸಿಕೊಂಡು ರಸೀತಿ ಪಡೆಯಿರಿ. ವಕಾಲತ್ತು ಓದಿ ಸಹಿ ಮಾಡಿ, ಖಾಲಿ ಹಾಳೆಗೆ ಬೇಡ. ಮುಂದೆ ವಕೀಲರನ್ನು ಬದಲಿಸಿದರೂ ಫೀಸು ಬಾಕಿ ಅಂತ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಆದಾಯ ಮಿತಿಯೊಳಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗ್ತಾರೆ; ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯೂ ಇಲ್ಲ.

ಹಳೇ ಫೈಲು
ಎದುರು ವಾಹನದ ಇನ್ಶೂರೆನ್ಸ್‌ನವರು ಆಸ್ಪತ್ರೆಗೆ ನೇರವಾಗಿ ಕಟ್ಟುವ ಪದ್ಧತಿ ಇಲ್ಲ. ನೀವು ಕಟ್ಟಿ, ಅಪಘಾತ ಪರಿಹಾರದ ಕೇಸು ನಡೆಸುವ ಟ್ರಿಬ್ಯೂನಲ್‌ನಲ್ಲಿ ಸಾಬೀತು ಮಾಡಿ, ತೀರ್ಪಾದಮೇಲೆ ಬಡ್ಡಿ ಸಮೇತ ಪಡೆಯಬೇಕು. 2025ರ ಮೇನಲ್ಲಿ ಬಂದ ಕೇಂದ್ರದ ನಗದುರಹಿತ ಯೋಜನೆ ಅಪಘಾತದಿಂದ 7 ದಿನಕ್ಕೆ, 1.5 ಲಕ್ಷದವರೆಗೆ ಮಾತ್ರ. ನಿಮಗೆ ಆ ದಿನಗಳು ಕಳೆದಿವೆ, ಓದುವ ಬೇರೆಯವರು ನೆನಪಿಡಲಿ.

ಹಾಗಾಗಿ ಒಂದೊಂದು ಚೀಟಿಯೂ ದುಡ್ಡೇ. ಔಷಧಿ ಬಿಲ್ಲಿನಲ್ಲಿ ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ತಾರೀಖು ಇದೆಯಾ ನೋಡಿ, ಡಾಕ್ಟರ ಚೀಟಿಯನ್ನೂ ಜೊತೆಗಿಡಿ. ಮಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರ ತಿಂಗಳುಗಳಲ್ಲೇ ಮಾಸುತ್ತೆ, ಸಾಕ್ಷಿ ಹೇಳುವ ಹೊತ್ತಿಗೆ ಬರೀ ಬಿಳಿ ಹಾಳೆ. ಇವತ್ತೇ ಜೆರಾಕ್ಸ್ ಮಾಡಿಸಿ ಅಸಲಿನ ಹಿಂದೆ ಪಿನ್ ಹಾಕಿಡಿ.

ಅಡ್ವಾನ್ಸ್ ರಸೀತಿಯನ್ನು ಫೈನಲ್ ಬಿಲ್ ಜೊತೆ ಕೂಡಬೇಡಿ. 1 ಲಕ್ಷ ಅಡ್ವಾನ್ಸ್ ಕಟ್ಟಿದ್ದರೆ ಅದೂ ಸೇರಿಯೇ 3.80 ಲಕ್ಷ ಆಗಿರುತ್ತೆ, 4.80 ಅಂತ ಬರೆದರೆ ಕಂಪನಿ ವಕೀಲರು ಪಾಟೀಸವಾಲಿನಲ್ಲಿ ಅದನ್ನೇ ಹಿಡಿದು ಸರಿಯಾದ ಬಿಲ್ಲುಗಳ ಮೇಲೂ ಅನುಮಾನ ಹುಟ್ಟಿಸ್ತಾರೆ. ರಾಡ್ ತೆಗೆಸೋಕೆ ಎಷ್ಟಾಗುತ್ತೆ ಅಂತ ಡಾಕ್ಟರಿಂದ ಬರೆಸಿಕೊಳ್ಳಿ, ಮುಂದಿನ ಚಿಕಿತ್ಸೆ ಖರ್ಚನ್ನೂ ಕೇಳಬಹುದು.

ಸಕ್ಕರೆ ನಾಡು
ಮೊದಲು ಸೇರಿಸಿದ ಆಸ್ಪತ್ರೆಯ ಎಂಎಲ್‌ಸಿ ದಾಖಲೆ (ಪೊಲೀಸ್ ಕೇಸಾಗುವ ಗಾಯದ ಬಗ್ಗೆ ಆಸ್ಪತ್ರೆ ಬರೆದಿಡುವುದು) ನೋಡಿದ್ದೀರಾ? ಗಡಿಬಿಡಿಯಲ್ಲಿ ಯಾರೋ "ಬೈಕಿಂದ ಬಿದ್ದ" ಅಂದದ್ದು ಹಾಗೇ ದಾಖಲಾಗಿದ್ದರೆ, ಕಾರು ಗುದ್ದಲೇ ಇಲ್ಲ ಅನ್ನೋ ವಾದಕ್ಕೆ ಅದೊಂದೇ ಸಾಲು ಸಾಕು. ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಗಾಯದ ಪ್ರಮಾಣಪತ್ರ, ವಾಹನ ತಪಾಸಣೆ ವರದಿ, ಚಾರ್ಜ್‌ಶೀಟ್ ನಕಲು ತಗೊಳ್ಳಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಪ್ರಕಾರ ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಬೀಳಬೇಕು. ಅಪಘಾತ ಮದ್ದೂರಿನಲ್ಲಾದರೂ ತಮ್ಮನ ವಾಸ ಮೈಸೂರಾದರೆ ಮೈಸೂರಲ್ಲೇ ಹಾಕಬಹುದು.

ದೊಡ್ಡ ಮೊತ್ತ ಇರೋದು ಅಂಗವೈಕಲ್ಯದ ಲೆಕ್ಕದಲ್ಲಿ. ಕಾಲಿಗೆ ಶೇ 45 ಅಂದರೆ ಸಾಮಾನ್ಯವಾಗಿ ಮೂರನೇ ಒಂದು ಭಾಗ, ಶೇ 15, ಇಡೀ ದೇಹಕ್ಕೆ ಹಿಡೀತಾರೆ. ತಿಂಗಳಿಗೆ 15,000 ಆದಾಯ ಅಂದುಕೊಳ್ಳಿ. ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ, ಅಂದರೆ ಗುಣಕದಿಂದ, ಗುಣಿಸ್ತಾರೆ; 34 ವಯಸ್ಸಿಗೆ ಅದು 16. 15,000 × 12 × 16ರ ಶೇ 15 ಅಂದರೆ 4,32,000. ಆದರೆ ಗಾರೆಯವನು ಕುಕ್ಕರಗಾಲಲ್ಲಿ ಕೂರೋಕೆ, ಸಾರುವೆ ಹತ್ತೋಕೆ ಆಗದಿದ್ದರೆ ಅವನ ದುಡಿಮೆಗಾದ ನಷ್ಟ ಶೇ 15ಕ್ಕಿಂತ ಹೆಚ್ಚು. ಗಳಿಕೆಗೆ ಎಷ್ಟು ಪೆಟ್ಟು ಬಿತ್ತು ಅನ್ನೋದನ್ನೇ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆಪರೇಷನ್ ಮಾಡಿದ ಡಾಕ್ಟರೇ ಬಂದು ಅದನ್ನು ಸಾಕ್ಷಿಯಲ್ಲಿ ಹೇಳಲಿ. ಚಿಕಿತ್ಸೆ ಕೊಡದವರ ಸರ್ಟಿಫಿಕೇಟಿಗೆ ಬೆಲೆ ಕಡಿಮೆ.

ಕಾವೇರಿ ದಡ
ಲೇಬರ್ ಕಾರ್ಡ್ ಇದೆ, ಆದಾಯಕ್ಕೆ ಸಾಕಾ? ಲೋಕ ಅದಾಲತ್‌ನಲ್ಲಿ ಬೇಗ ಮುಗಿಸೋಣ ಅಂತಲೂ ಆ ವಕೀಲರು ಹೇಳ್ತಿದ್ದಾರೆ.

ಸಕ್ಕರೆ ನಾಡು
ಕಸುಬು ತೋರಿಸೋಕೆ ಕಾರ್ಡ್ ಸಾಕು. ಕೂಲಿ ಎಷ್ಟು ಅನ್ನೋದಕ್ಕೆ ಮೇಸ್ತ್ರಿಯಿಂದ ಸಾಕ್ಷಿ ಹೇಳಿಸಿ, ಬ್ಯಾಂಕ್ ಪಾಸ್‌ಬುಕ್ ಕೊಡಿ. ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ. ಮೂಳೆ ಕೂಡಿ ವೈಕಲ್ಯ ಎಷ್ಟು ಅಂತ ಡಾಕ್ಟರು ಹೇಳುವವರೆಗೆ ಯಾವ ಮೊತ್ತಕ್ಕೂ ಸಹಿ ಹಾಕಬೇಡಿ.