'ಡವರ್' ಪಾಲಿನ ಗುಲಾಮರು: ಸ್ತ್ರೀಧನ ಅನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಮನೆಯ ಆಸ್ತಿ ಹೇಗೆ ಪಾಲಾಯಿತು ಅನ್ನೋದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ 'ಡವರ್ ಸ್ಲೇವ್ಸ್' ಎಂಬ ಮಾತು ಪದೇ ಪದೇ ಬರುತ್ತದೆ. ಇದಕ್ಕೆ ಕನ್ನಡದಲ್ಲಿ ಏನು ಹೇಳೋಣ? ಥಟ್ಟನೆ ಬಾಯಿಗೆ ಬರುವುದು 'ಸ್ತ್ರೀಧನ'. ಡವರ್, ಡೌರಿ ಎರಡೂ ಕಿವಿಗೆ ಒಂದೇ ಥರ ಕೇಳುವುದರಿಂದ 'ವರದಕ್ಷಿಣೆ' ಅಂತ ಬರೆಯುವವರೂ ಇದ್ದಾರು. ಎರಡೂ ಇಲ್ಲಿ ಹೊಂದುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಆ ಮನೆಯ ಕತೆಯನ್ನೇ ಸ್ವಲ್ಪ ಹೇಳಬೇಕು.

ವಾಷಿಂಗ್ಟನ್ ಅವರ ಹೆಂಡತಿ ಮಾರ್ಥಾ ಅವರ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್, ವರ್ಜೀನಿಯಾದ ಭಾರೀ ಜಮೀನುದಾರರು. 1757ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅಲ್ಲಿನ ಕಾನೂನಿನ ಪ್ರಕಾರ ವಿಧವೆಗೆ ಮೂರರಲ್ಲಿ ಒಂದು ಪಾಲು. ಜಮೀನಿನ ಜೊತೆಗೆ ಎಂಬತ್ತಕ್ಕೂ ಜಾಸ್ತಿ ಗುಲಾಮರು ಮಾರ್ಥಾ ಅವರ ಪಾಲಿಗೆ ಬಂದರು. ಈ ಪಾಲೇ 'ಡವರ್', ಅದು ಆಕೆ ಬದುಕಿರುವ ತನಕ ಮಾತ್ರ. ದುಡಿಸಿಕೊಳ್ಳಬಹುದು, ಬಂದ ಫಸಲು ಉಣ್ಣಬಹುದು. ಮಾರುವ ಹಾಗಿಲ್ಲ, ಬಿಡುಗಡೆ ಮಾಡುವ ಹಾಗೂ ಇಲ್ಲ. ಆಕೆಯ ನಂತರ ಎಲ್ಲರೂ ಕಸ್ಟಿಸ್ ವಾರಸುದಾರರಿಗೆ ಸೇರಬೇಕು. 1759ರಲ್ಲಿ ಮಾರ್ಥಾ ಮರುಮದುವೆಯಾದಾಗ ಈ ಪಾಲಿನ ಉಸ್ತುವಾರಿ ವಾಷಿಂಗ್ಟನ್ ಅವರ ಕೈಗೆ ಬಂತು. ಒಡೆತನ ಮಾತ್ರ ಬರಲಿಲ್ಲ.

ಸ್ತ್ರೀಧನ ಅಂದರೆ ಹೆಂಗಸಿನ ಸ್ವಂತದ್ದು, ಯಾರನ್ನೂ ಕೇಳದೆ ಯಾರಿಗಾದರೂ ಕೊಡಬಹುದಾದದ್ದು. ಡವರ್ ಇದಕ್ಕೆ ನೇರ ಉಲ್ಟಾ. 'ಜೀವನಾಂಶ'ವೂ ಆಗದು, ಅದು ಹೊಟ್ಟೆಬಟ್ಟೆಗೆ ಕೊಡುವ ಹಣ.

ಇನ್ನೊಂದು ಕಡೆಯೂ ಕಾಲು ಜಾರುತ್ತದೆ. ಗುಲಾಮರನ್ನು ದನಕರುಗಳ ಜೊತೆ 'ಚರಾಸ್ತಿ' ಅಂತ ಬರೆಯೋದು ಸಹಜ, ಅಲ್ವಾ? ಆದರೆ ವರ್ಜೀನಿಯಾದ 1705ರ ಕಾನೂನು ಅವರನ್ನು ಸ್ಥಿರಾಸ್ತಿ ಅಂತ ಘೋಷಿಸಿತು. ವಾರಸುದಾರಿಕೆಯ ಮಟ್ಟಿಗೆ ಮನುಷ್ಯರನ್ನೂ ಹೊಲವನ್ನೂ ಒಂದೇ ಲೆಕ್ಕಕ್ಕೆ ತಂದಿಟ್ಟರು. ಹೊಲದ ಹಾಗೆಯೇ ವಿಧವೆಗೆ ಜೀವ ಇರುವವರೆಗಿನ ಅನುಭೋಗ ಮಾತ್ರ ಸಿಕ್ಕಿದ್ದು ಹೀಗೆ. ಅದಕ್ಕೂ ಮೊದಲೇ, 1662ರಲ್ಲಿ, ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ ಅಂತ ಕಾನೂನು ಮಾಡಿದ್ದರು. ಹಾಗಾಗಿ ಡವರ್ ಪಾಲಿನ ಹೆಂಗಸರಿಗೆ ಹುಟ್ಟಿದ ಮಕ್ಕಳೆಲ್ಲ ಅದೇ ಪಾಲಿಗೆ ಸೇರುತ್ತಾ ಹೋದರು. 1799ರಲ್ಲಿ ವಾಷಿಂಗ್ಟನ್ ತಮ್ಮ ಎಸ್ಟೇಟ್ ಮೌಂಟ್ ವರ್ನನ್‌ನಲ್ಲಿ ಪಟ್ಟಿ ಮಾಡಿಸಿದಾಗ ಅವರ ಸ್ವಂತ ಒಡೆತನದ ಗುಲಾಮರು 123 ಮಂದಿ, ಡವರ್ ಪಾಲಿನವರು 153 ಮಂದಿ.

ಅಷ್ಟು ವರ್ಷ ಒಂದೇ ಕಡೆ ದುಡಿದವರು ತಮ್ಮ ತಮ್ಮಲ್ಲೇ ಮದುವೆಯಾಗಿದ್ದರು. ಗಂಡ ಒಂದು ಪಾಲು, ಹೆಂಡತಿ ಮಕ್ಕಳು ಇನ್ನೊಂದು ಪಾಲು. ಮಾರ್ಥಾ ಅವರ ಕಾಲಾನಂತರ ತನ್ನವರಿಗೆ ಬಿಡುಗಡೆ ಅಂತ ವಾಷಿಂಗ್ಟನ್ ಉಯಿಲಿನಲ್ಲಿ ಬರೆದರು. ಡವರ್ ಪಾಲಿನವರನ್ನು ಬಿಡುವ ಅಧಿಕಾರ ತನಗಿಲ್ಲ ಅಂತಲೂ ಅಲ್ಲೇ ಬರೆದಿದ್ದಾರೆ. ಮಾರ್ಥಾ 1801ರ ಜನವರಿ 1ರಂದೇ ಗಂಡನ ಪಾಲಿನವರನ್ನು ಬಿಡುಗಡೆ ಮಾಡಿದರು. 1802ರಲ್ಲಿ ಆಕೆ ತೀರಿಕೊಂಡಾಗ ಡವರ್ ಪಾಲಿನವರು ನಾಲ್ಕು ಮೊಮ್ಮಕ್ಕಳಿಗೆ ಹಂಚಿಹೋದರು. ಬಡಗಿ ಐಸಾಕ್ ಬಿಡುಗಡೆಯಾದರು. ಅವರ ಹೆಂಡತಿ ಕಿಟ್ಟಿ ಮತ್ತು ಹೆಣ್ಣುಮಕ್ಕಳು ಡವರ್ ಪಾಲಿನವರು, ಅವರಿಗೆ ಬಿಡುಗಡೆ ಇಲ್ಲ.

ಓನಾ ಜಡ್ಜ್ ಅವರ ವಿಷಯವೂ ಇದೇ. ತಾಯಿ ಬೆಟ್ಟಿ ಡವರ್ ಪಾಲಿನ ಹೊಲಿಗೆಯಾಕೆ, ಆದ್ದರಿಂದ ಓನಾ ಕೂಡ ಅದೇ ಪಾಲು. ಮಾರ್ಥಾ ಅವರ ಮೊಮ್ಮಗಳು ಎಲೈಜಾಗೆ ತನ್ನನ್ನು ಕೊಡುತ್ತಾರೆ ಅಂತ ಗೊತ್ತಾದ ಮೇಲೆ 1796ರಲ್ಲಿ ಫಿಲಡೆಲ್ಫಿಯಾದ ಅಧ್ಯಕ್ಷರ ಮನೆಯಿಂದ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದರು. ಅಲ್ಲಿ ಮದುವೆಯಾದರು, ಮಕ್ಕಳಾದವು. ಗಂಡ ಸ್ವತಂತ್ರ ವ್ಯಕ್ತಿ. ಆದರೂ 1848ರಲ್ಲಿ ಸಾಯುವ ತನಕ ಕಾನೂನಿನ ಕಣ್ಣಲ್ಲಿ ಓನಾ ಕಸ್ಟಿಸ್ ವಾರಸುದಾರರ ಸ್ವತ್ತಾಗಿಯೇ ಉಳಿದರು. ನಾವು ಆರಿಸುವ ಪದ ಇಷ್ಟನ್ನೂ ಹೊರಬೇಕು. ಅದಕ್ಕೇ ಇಷ್ಟುದ್ದ ಬರೆದೆ.

ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚೆ ಇದ್ದ ವಿಧವೆಯ 'ಸೀಮಿತ ಹಕ್ಕು'. ಗಂಡನ ಆಸ್ತಿಯನ್ನು ಬದುಕಿರುವ ತನಕ ಅನುಭವಿಸಬಹುದು. ತೀರಾ ಅಗತ್ಯ ಬಿದ್ದ ಹೊರತು ಪರಭಾರೆ ಮಾಡುವಂತಿಲ್ಲ. ಆಮೇಲೆ ಅದು ಗಂಡನ ವಾರಸುದಾರರಿಗೆ. ಆದರೆ ಬರೀ 'ಸೀಮಿತ' ಅಂದರೆ ಯಾವುದರಿಂದ ಸೀಮಿತ ಅಂತ ಈಗಿನ ಓದುಗರಿಗೆ ತಿಳಿಯುವುದಿಲ್ಲ. ಆಸ್ತಿ ಪತ್ರ ಬರೆಯುವವರ 'ಜೀವಮಾನ ಪರ್ಯಂತ ಅನುಭವಿಸಿಕೊಂಡು ಹೋಗತಕ್ಕದ್ದು' ಅನ್ನುವ ಮಾತು ನನಗೆ ಇಷ್ಟ. ಅದರಿಂದ 'ಜೀವಮಾನದ ಪಾಲು' ಅಂತ ಮಾಡಬಹುದು. ಆದರೆ 'ಜೀವಮಾನ ಪಾಲಿನ ಗುಲಾಮರು' ಅಂದರೆ ಗುಲಾಮರ ಜೀವಮಾನ ಅಂತ ಓದಿಬಿಡುತ್ತಾರೆ. 'ವಿಧವೆ ಪಾಲು' ಅಂದರೆ ಯಾವ ಗಂಡ ಸತ್ತಾಗಿನ ಪಾಲು ಅಂತ ಗೊಂದಲ. ಸದ್ಯಕ್ಕೆ ಮೊದಲ ಸಲ 'ಕಸ್ಟಿಸ್ ಮನೆತನದಿಂದ ಬಂದ ವಿಧವೆ ಪಾಲು' ಅಂತ ಬಿಡಿಸಿ ಹೇಳಿ, ಮುಂದೆ 'ಕಸ್ಟಿಸ್ ಪಾಲಿನವರು' ಅನ್ನುತ್ತಿದ್ದೇನೆ. ಊರಲ್ಲಿ 'ಅಜ್ಜಿ ಪಾಲಿನ ಗದ್ದೆ' ಅನ್ನುತ್ತಾರಲ್ಲ, ಆ ಜಾಡು.

ಗುಲಾಮರ ಪಾಲು ನಮಗೆ ಹೊರಗಿನ ವಿಷಯವೇನಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲಕ್ಕೆ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲೇ ಇದು ಬರುತ್ತದೆ. ಅಣ್ಣತಮ್ಮಂದಿರ ಪಾಲಿಗೆ ದಾಸಿಯರು ಸಮನಾಗಿ ಬರದಿದ್ದರೆ ಬೆಲೆ ಕಟ್ಟಿ ಹಂಚಬಾರದು, ಸರದಿಯ ಮೇಲೆ ಕೆಲಸ ಮಾಡಿಸಿಕೊಳ್ಳಬೇಕು ಅನ್ನುತ್ತದೆ ಅದು. ಸಂಸ್ಕೃತದಲ್ಲಿ ಇಷ್ಟು ನಿಖರವಾಗಿದ್ದ ಮೇಲೆ, ನಮ್ಮ ಹಳೇ ಶಾಸನ, ಕಡತ, ಪಾಲುಪಟ್ಟಿಗಳಲ್ಲಿ ಕನ್ನಡದ ಮಾತುಗಳೂ ಇರಲೇಬೇಕಲ್ಲ? ಅಂಥ ಪತ್ರ ಓದಿದವರು ಈ ಬಳಗದಲ್ಲಿದ್ದರೆ ಅದರ ಮಾತುಗಳನ್ನು ಇದ್ದ ಹಾಗೇ ಹಾಕಿ, ದಯವಿಟ್ಟು.

'ದಾಸ' ಅನ್ನೋದನ್ನು ನಾನು ಬಿಟ್ಟಿದ್ದೇನೆ, ಈಗ ಅದರಲ್ಲಿ ಭಕ್ತಿಯ ವಾಸನೆಯೇ ಜಾಸ್ತಿ. 'ಆಳು' ಅಂದರೆ ಕೂಲಿಯವರು, 'ಜೀತ' ಅಂದರೆ ಸಾಲ ನೆನಪಾಗುತ್ತದೆ. ಹಾಗಾಗಿ 'ಗುಲಾಮ'.

ಕೊನೆಯದಾಗಿ ಒಂದು ವ್ಯಾಕರಣದ ಪ್ರಶ್ನೆ. ನಮ್ಮ ಅನುವಾದಗಳಲ್ಲಿ ಒಡೆಯರಿಗೆ 'ಅವರು ಬಂದರು', ಗುಲಾಮರಿಗೆ 'ಅವಳು ಓಡಿದಳು' ಅಂತ ತಾನಾಗೇ ಬಂದುಬಿಡುತ್ತದೆ. ಇಂಗ್ಲಿಷ್ ಮೂಲದಲ್ಲಿ ಇಲ್ಲದ ಈ ಮೇಲುಕೀಳನ್ನು ನಾವೇ ಸೇರಿಸಿದ ಹಾಗಾಯಿತು. ಮಾರ್ಥಾ ಅವರಿಗೆ ಬಹುವಚನ ಕೊಟ್ಟರೆ ಓನಾ ಅವರಿಗೂ ಕೊಡಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ದಾರಿ ಹಿಡಿದವರಿದ್ದರೆ, ಇಬ್ಬರಿಗೂ ಏಕವಚನ ಬಳಸಿದವರಿದ್ದರೆ, ಓದುವಾಗ ಅದು ಹೇಗೆ ಕೇಳಿಸಿತು ಅಂತ ತಿಳಿಸಿ.