ಶುಕ್ಲಾ ಅವರ ನೌಕೆ ಕತ್ತಲಲ್ಲಿ ಯಾಕೆ ಇಳಿಯಿತು? ಗಾಳಿ, ಬೆಳಕು ನೋಡಿ ಇಳಿಸುವುದಿಲ್ಲವಾ?

ಮುಂಡರಗಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2025ರ ಜುಲೈ 15ರಂದು ಶುಭಾಂಶು ಶುಕ್ಲಾ ಬಾಹ್ಯಾಕಾಶದಿಂದ ವಾಪಸ್ ಬಂದರಲ್ಲ, ಅದನ್ನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಲೈವ್ ತೋರಿಸಿದ್ದೆ. ನೌಕೆ ನೀರಿಗೆ ಬಿದ್ದಾಗ ನಮ್ಮಲ್ಲಿ ಮಧ್ಯಾಹ್ನ 3 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ಎರಡೂವರೆ. ಪರದೆ ಮೇಲೆ ಬರೀ ಕಪ್ಪು-ಬಿಳುಪು ಚಿತ್ರ.

ಒಬ್ಬ ಹುಡುಗ ಕೇಳಿದ: "ಟೀಚರ್, ಅಲ್ಲಿ ಕತ್ತಲೆ ಅಂತ ಗೊತ್ತಿದ್ದೂ ಯಾಕೆ ಇಳಿಸಿದರು? ನಾಲ್ಕು ತಾಸು ಕಾದಿದ್ದರೆ ಬೆಳಗಾಗುತ್ತಿತ್ತಲ್ಲ?" ಇನ್ನೊಬ್ಬಳು, ಅವಳ ಅಪ್ಪ ಕಪ್ಪತಗುಡ್ಡದ ಗಾಳಿ ಫ್ಯಾನ್‌ಗಳಲ್ಲಿ ಕೆಲಸ ಮಾಡುತ್ತಾರೆ, ಅವಳು ಕೇಳಿದ್ದು: "ಎಷ್ಟು ಗಾಳಿ ಇದ್ದರೆ ಇಳಿಸುವುದಿಲ್ಲ?"

ಆವತ್ತು ನಾನು ಕೊಟ್ಟ ಉತ್ತರ ನನಗೇ ಸಾಲದು ಅನಿಸಿತು. ಮುಂದೆ ನಮ್ಮದೇ ಗಗನಯಾನ ಬರುತ್ತದೆ, ಆಗ ಮಕ್ಕಳು ಮತ್ತೆ ಕೇಳುತ್ತಾರೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

---

ಹಾವೇರಿ ಹುಡುಗ ಬರೆದದ್ದು:

ಟೀಚರ್, ನಮಸ್ಕಾರ. ಎಂಜಿನಿಯರಿಂಗ್ ಓದುತ್ತಿದ್ದೇನೆ, ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ.

ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಒಂದು ಸುತ್ತು ಹಾಕಲು ಸುಮಾರು ಒಂದೂವರೆ ತಾಸು ಬೇಕು. ಅಷ್ಟರಲ್ಲಿ ಕೆಳಗೆ ಭೂಮಿಯೂ ತಿರುಗಿರುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ಅದೇ ಊರಿನ ಮೇಲೆ ಹಾದು ಹೋಗುವುದಿಲ್ಲ. ಇಳಿಯಬೇಕಾದ ಜಾಗದ ಹತ್ತಿರ ಅದರ ದಾರಿ ಬರುವುದು ದಿನಕ್ಕೆ ಹೆಚ್ಚುಕಡಿಮೆ ಎರಡು ಹೊತ್ತು. ನಾಲ್ಕು ತಾಸು ಕಾದರೆ ಬೆಳಗಾಗುತ್ತದೆ, ಖರೆ. ಆದರೆ ಆಗ ನೌಕೆಯ ದಾರಿ ಆ ಜಾಗದಿಂದ ಸಾವಿರಾರು ಕಿಲೋಮೀಟರ್ ಆಚೆ ಇರುತ್ತದೆ.

ಇನ್ನೂ ಒಂದು ವಿಷಯ ಇದೆ. ಆ ಹೊತ್ತು ದಿನದಿಂದ ದಿನಕ್ಕೆ ಇಪ್ಪತ್ತು-ಇಪ್ಪತ್ತೈದು ನಿಮಿಷ ಮುಂಚೆ ಮುಂಚೆ ಬರುತ್ತಾ ಹೋಗುತ್ತದೆ. ಹಗಲಿನ ಹೊತ್ತೇ ಬೇಕು ಎಂದು ಹಟ ಹಿಡಿದರೆ ಕೆಲವು ಸಲ ವಾರಗಟ್ಟಲೆ ಮೇಲೆಯೇ ಕೂರಬೇಕಾಗುತ್ತದೆ.

---

ಕೇಶ್ವಾಪುರ ಕಾಕಾ ಬರೆದದ್ದು:

ಅಕ್ಕೋರೆ, ಇಂಥ ಪ್ರಶ್ನೆ ಕೇಳುವ ಮಕ್ಕಳು ನಿಮ್ಮ ಕ್ಲಾಸಿನಲ್ಲಿ ಇದ್ದಾರೆಂದು ಓದಿ ಬಹಳ ಖುಷಿಯಾಯಿತು. ನಾನು ಹುಬ್ಬಳ್ಳಿಯವನು. ವಿಮಾನ ಇಳಿಯುವ ಜಾಗಗಳಲ್ಲಿ ಹವಾಮಾನ ನೋಡಿ ಬರೆಯುವುದೇ ನನ್ನ ನೌಕರಿಯಾಗಿತ್ತು. ಗಾಳಿ ಯಾವ ದಿಕ್ಕಿನಿಂದ, ಎಷ್ಟು ಜೋರು, ಮೋಡದ ತಳ ಎಷ್ಟು ಎತ್ತರ, ಎಷ್ಟು ದೂರದ ತನಕ ಕಣ್ಣಿಗೆ ಕಾಣುತ್ತದೆ, ಇದೇ ಲೆಕ್ಕ ಹಗಲೂ ರಾತ್ರಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕಕ್ಷೆಯ ವಿಷಯ ನಮ್ಮ ಹಾವೇರಿ ತಮ್ಮ ಸರಿಯಾಗಿ ಹೇಳಿದ್ದಾನೆ. ನಾನು ಅಲ್ಲಿಂದ ಮುಂದಕ್ಕೆ ಹೇಳುತ್ತೇನೆ. ಬೆಳಕು ಯಾರ ಕಣ್ಣಿಗೆ ಬೇಕು ಎಂದು ಮೊದಲು ಕೇಳಿಕೊಳ್ಳಬೇಕು. ಶುಕ್ಲಾ ಅವರು ಬಂದ ಡ್ರ್ಯಾಗನ್ ನೌಕೆಯನ್ನು ಯಾರೂ ಹೊರಗೆ ನೋಡುತ್ತಾ ನಡೆಸುವುದಿಲ್ಲ. ಎಲ್ಲಾ ಕಂಪ್ಯೂಟರ್. 5.7 ಕಿ.ಮೀ. ಎತ್ತರಕ್ಕೆ ಬಂದಾಗ ಸಣ್ಣ ಪ್ಯಾರಾಚೂಟ್, 2 ಕಿ.ಮೀ. ಹತ್ತಿರ ನಾಲ್ಕು ದೊಡ್ಡ ಪ್ಯಾರಾಚೂಟ್ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅದಕ್ಕೆ ಹಗಲಾದರೂ ಅಷ್ಟೇ, ರಾತ್ರಿಯಾದರೂ ಅಷ್ಟೇ. ಬೆಳಕು ಬೇಕಾಗುವುದು ದೋಣಿಯಲ್ಲಿ ಹೋಗಿ ಅವರನ್ನು ಎತ್ತಿಕೊಳ್ಳುವವರಿಗೆ. ನಿಮ್ಮ ಮಕ್ಕಳು ನೋಡಿದ ಕಪ್ಪು-ಬಿಳುಪು ಚಿತ್ರ ಶಾಖ ಹಿಡಿಯುವ ಕ್ಯಾಮೆರಾದ್ದು. ಅಂಥ ಕ್ಯಾಮೆರಾ ಬಂದ ಮೇಲೆ ಅವರ ಕೆಲಸವೂ ಹಗುರವಾಗಿದೆ. ಮೊದಲು ಹೀಗಿರಲಿಲ್ಲ. 1968ರ ಡಿಸೆಂಬರ್ 27ರಂದು ಅಪೊಲೊ 8 ಪೆಸಿಫಿಕ್ ಸಮುದ್ರದಲ್ಲಿ ಇಳಿದದ್ದು ಬೆಳಕು ಹರಿಯುವ ಮೊದಲು. ಚಂದ್ರನನ್ನು ಸುತ್ತಿ ಬಂದ ಮೂವರೂ ಅಲೆಗಳ ಮೇಲೆ ತೂಗಾಡುತ್ತಾ ಒಳಗೇ ಕೂತಿರಬೇಕಾಯಿತು. ಬೆಳಕಾದ ಮೇಲೆಯೇ ಈಜುಗಾರರು ನೀರಿಗೆ ಇಳಿದರು. ಅದಾದ ಮೇಲೆ ಅಮೆರಿಕದವರು ಮನುಷ್ಯರನ್ನು ಕತ್ತಲಲ್ಲಿ ಸಮುದ್ರಕ್ಕೆ ಇಳಿಸಿದ್ದು 2021ರ ಮೇ ತಿಂಗಳಲ್ಲಿ, ಇದೇ ಡ್ರ್ಯಾಗನ್‌ನಲ್ಲಿ.

ಅಮೆರಿಕದವರ ಹಳೆಯ ನೌಕೆ ಸ್ಪೇಸ್ ಶಟಲ್ ಕಥೆ ಬೇರೆ. ಅದಕ್ಕೆ ರೆಕ್ಕೆ ಇತ್ತು, ರನ್‌ವೇ ಬೇಕಿತ್ತು, ಕೊನೆಯ ಹಂತದಲ್ಲಿ ಪೈಲಟ್ ಕಣ್ಣಿನಿಂದ ನೋಡಿ ಇಳಿಸುತ್ತಿದ್ದರು. ಅದೂ ಎಂಜಿನ್ ಬಂದ್ ಇರುವ ಗ್ಲೈಡರ್. ಮಳೆಗಾಲದಲ್ಲಿ ನಮ್ಮ ಹುಬ್ಬಳ್ಳಿ ವಿಮಾನ ನಿಲ್ದಾಣದ ಮೇಲೆ ಮೋಡ ಕೆಳಗಿಳಿದರೆ ವಿಮಾನ ಸುತ್ತು ಹೊಡೆಯುತ್ತದೆ, ಆಗಲೂ ಆಗದಿದ್ದರೆ ಬೇರೆ ಊರಿಗೆ ಹೋಗುತ್ತದೆ. ಶಟಲ್‌ಗೆ ಅದು ಸಾಧ್ಯವೇ ಇರಲಿಲ್ಲ. ಅದಕ್ಕೇ ಅವರ ನಿಯಮ ಅಷ್ಟು ಬಿಗಿ. ಮೋಡದ ತಳ 8,000 ಅಡಿಗಿಂತ ಕೆಳಗಿರಬಾರದು, ಇದ್ದರೂ ಅರ್ಧ ಆಕಾಶಕ್ಕಿಂತ ಹೆಚ್ಚು ಮುಚ್ಚಿರಬಾರದು. ಸುತ್ತ 55 ಕಿ.ಮೀ. ಒಳಗೆ ಗುಡುಗು-ಮಳೆ ಇರಬಾರದು. ಮಳೆ ಹನಿ ಬಡಿದರೂ ಶಾಖ ತಡೆಯಲು ಅದರ ಹೊಟ್ಟೆಗೆ ಅಂಟಿಸಿದ ಹೆಂಚುಗಳಿಗೆ ಏಟಾಗುತ್ತಿತ್ತು. ಅಡ್ಡಗಾಳಿಗೆ ಹಗಲು 15 ನಾಟ್, ಅಂದರೆ ಗಂಟೆಗೆ 28 ಕಿ.ಮೀ. ತನಕ ಒಪ್ಪಿಗೆ. ರಾತ್ರಿ 12 ನಾಟ್ ಮಾತ್ರ. ಈ 15 ಮತ್ತು 12 ಎರಡನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿ, ಅಕ್ಕೋರೆ. ಅದೇ ನೌಕೆ, ಅದೇ ರನ್‌ವೇ, ಕತ್ತಲಾದರೆ ಮೂರು ನಾಟ್ ಕಡಿಮೆ. ಬೆಳಕಿನ ಬೆಲೆ ಎಷ್ಟು ಎಂಬುದು ಅಲ್ಲಿ ನೇರವಾಗಿ ಕಾಣುತ್ತದೆ.

ಈಗ ಆ ಹುಡುಗಿಯ ಗಾಳಿ ಪ್ರಶ್ನೆ. ನನಗೆ ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಅನಿಸಿತು. ಡ್ರ್ಯಾಗನ್ ಇಳಿಸಲು ನಾಸಾ ಪ್ರಕಟಿಸಿದ ಮಿತಿ ಸೆಕೆಂಡಿಗೆ 15 ಅಡಿ. ನಮ್ಮ ಲೆಕ್ಕದಲ್ಲಿ ಗಂಟೆಗೆ 16 ಕಿ.ಮೀ., ಸೆಕೆಂಡಿಗೆ ನಾಲ್ಕೂವರೆ ಮೀಟರ್. ಇಷ್ಟೇನಾ ಅನಿಸುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ನಿಮ್ಮ ಮಕ್ಕಳು ನೋಡಿರುತ್ತಾರೆ. ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಗಾಳಿ ಹಿಡಿದು ಆಚೆ ಹೋಗುತ್ತದೆ. ಪ್ಯಾರಾಚೂಟ್ ಬಿಚ್ಚುವ ತನಕ ನೌಕೆ ಕಾಳು, ಬಿಚ್ಚಿದ ಮೇಲೆ ಹೊಟ್ಟು. ಗಾಳಿ ಎತ್ತ ಕಡೆಗೋ ಅತ್ತ ಕಡೆಗೆ ಅದರ ಜೊತೆಗೇ ಸರಿಯುತ್ತದೆ. ನೇರ ಕೆಳಗೆ ಬರುವ ವೇಗ ಗಂಟೆಗೆ ಸುಮಾರು 25 ಕಿ.ಮೀ. ಅದರ ಮೇಲೆ ಈ ಅಡ್ಡ ವೇಗ ಸೇರುತ್ತದೆ. ಗಾಳಿ ಜಾಸ್ತಿಯಾದರೆ ಅಲೆಯೂ ಜಾಸ್ತಿ. ನೌಕೆ ಬೀಳುವುದು ಅಲೆಯ ಯಾವ ಇಳಿಜಾರಿನ ಮೇಲೆ ಎಂದು ಯಾರೂ ಮೊದಲೇ ಹೇಳಲಾಗುವುದಿಲ್ಲ. ಮೇಲಾಗಿ ಒಳಗಿರುವವರು ತೂಕವಿಲ್ಲದೆ ಇದ್ದು ಬಂದವರು, ಕುತ್ತಿಗೆ ಎತ್ತುವುದೂ ಅವರಿಗೆ ಕಷ್ಟ.

ನನ್ನ ಎದೆ ಹೊಡೆದುಕೊಳ್ಳುವುದು ಮಾತ್ರ ಬೇರೆ ಕಡೆ. ಆವತ್ತು ಶುಕ್ಲಾ ಅವರ ನೌಕೆ ಕಕ್ಷೆಯಿಂದ ಕೆಳಗಿಳಿಯಲು ಎಂಜಿನ್ ಉರಿಸಿದ್ದು ನಮ್ಮ ಸಮಯ ಮಧ್ಯಾಹ್ನ 2 ಗಂಟೆ 7 ನಿಮಿಷಕ್ಕೆ. ಹದಿನೆಂಟು ನಿಮಿಷ ಉರಿಸಿದರು. ನೀರಿಗೆ ಬಿದ್ದದ್ದು 3 ಗಂಟೆ 1 ನಿಮಿಷಕ್ಕೆ. ಒಮ್ಮೆ ಆ ಎಂಜಿನ್ ಉರಿದು ಮುಗಿಯಿತೆಂದರೆ ಹಿಂದಕ್ಕೆ ಹೋಗುವ ಮಾತಿಲ್ಲ. ಅಂದರೆ ಹವಾಮಾನ ನೋಡುವವನು ಈಗ ಕಾಣುವ ಗಾಳಿಯನ್ನು ನಂಬಿ ಹ್ಞೂಂ ಅನ್ನುವ ಹಾಗಿಲ್ಲ. ಒಂದು ತಾಸಿನ ನಂತರ ಅಲ್ಲಿ ಏನಿರುತ್ತದೆ ಎಂದು ಈಗಲೇ ಹೇಳಬೇಕು. ಆ ಮಾತಿನ ಮೇಲೆ ನಾಲ್ಕು ಜೀವ ಕೆಳಗೆ ಬರುತ್ತವೆ. ಆ ಕುರ್ಚಿಯಲ್ಲಿ ಕೂತವರನ್ನು ಟೀವಿಯಲ್ಲಿ ಯಾರೂ ತೋರಿಸುವುದಿಲ್ಲ. ಮಕ್ಕಳಿಗೆ ಅವರ ಬಗ್ಗೆಯೂ ಹೇಳಿ.

ಶಟಲ್ ಕಾಲದಲ್ಲಿ ಇಳಿಯುವ ಮೊದಲು ಬಲೂನ್ ಬಿಟ್ಟು ಮೇಲಿನ ಗಾಳಿ ನೋಡುತ್ತಿದ್ದರು. ಅನುಭವಿ ಗಗನಯಾತ್ರಿಯೊಬ್ಬರು ತರಬೇತಿ ವಿಮಾನದಲ್ಲಿ ಅದೇ ದಾರಿಯಲ್ಲಿ ಹಾರಿ ಹೇಗಿದೆ ಎಂದು ಹೇಳುತ್ತಿದ್ದರು. ಬಲೂನ್ ಕೆಲಸ ನಾನೂ ಮಾಡಿದ್ದೇನೆ. ಹಗಲಾದರೆ ಬಲೂನ್ ಬಿಟ್ಟು, ಕೋನ ಅಳೆಯುವ ದುರ್ಬೀನಾದ ಥಿಯೋಡೊಲೈಟ್‌ನಲ್ಲಿ ಕಣ್ಣಿಟ್ಟು ನಿಮಿಷಕ್ಕೊಮ್ಮೆ ಕೋನ ಓದುವುದು. ಅದು ಎತ್ತ ವಾಲುತ್ತದೋ ಆ ಎತ್ತರದ ಗಾಳಿ ಅತ್ತ. ರಾತ್ರಿ ಬಲೂನ್ ಕಾಣುವುದಿಲ್ಲವಲ್ಲ, ಅದಕ್ಕೆ ಕೆಳಗೆ ಸಣ್ಣದೊಂದು ದೀಪ ಕಟ್ಟಿ ಬಿಡುತ್ತಿದ್ದೆವು. ಮೇಲೇರುತ್ತಾ ಅದು ನಕ್ಷತ್ರದಷ್ಟು ಚಿಕ್ಕದಾಗುತ್ತದೆ. ಒಂದು ಸಲ ಕಣ್ಣು ತೆಗೆದರೆ ಯಾವುದು ದೀಪ, ಯಾವುದು ನಕ್ಷತ್ರ ಎಂದು ಹುಡುಕುವುದರೊಳಗೆ ನಿಮಿಷ ದಾಟಿರುತ್ತದೆ. ಪಕ್ಕದವನು ಗಡಿಯಾರ ನೋಡಿ ಕೂಗುತ್ತಾನೆ, ನಾನು ಅಂಕಿ ಹೇಳಬೇಕು, ಅವನು ಬರೆಯಬೇಕು.

---

ಹಾವೇರಿ ಹುಡುಗ ಬರೆದದ್ದು:

ಕಾಕಾ, ಇದನ್ನು ಓದಿ ಬಹಳ ಸಂತೋಷವಾಯಿತು. ನಾನೊಂದು ಸೇರಿಸುತ್ತೇನೆ. ಕತ್ತಲೆ, ಕೆಟ್ಟ ಹವೆ ಎರಡೂ ಒಟ್ಟಿಗೆ ಬಂದದ್ದು ಸೋವಿಯತ್ ನೌಕೆ ಸೋಯುಜ್ 23ಕ್ಕೆ, 1976ರ ಅಕ್ಟೋಬರ್‌ನಲ್ಲಿ. ಬಯಲಿನಲ್ಲಿ ಇಳಿಯಬೇಕಿದ್ದ ನೌಕೆ ರಾತ್ರಿ ಹಿಮಗಾಳಿಗೆ ಸಿಕ್ಕಿ ಕಝಾಕಿಸ್ತಾನದ ತೆಂಗಿಜ್ ಎಂಬ ಕೆರೆಗೆ ಬಿತ್ತು. ಕೆರೆಯ ಮೇಲೆ ಮಂಜುಗಡ್ಡೆ, ಸುತ್ತ ಮಂಜು. ಹುಡುಕುವವರು ಹತ್ತಿರ ಬರಲು ಆಗಲಿಲ್ಲ. ನೌಕೆಯಲ್ಲಿದ್ದ ಇಬ್ಬರೂ ರಾತ್ರಿಯಿಡೀ ಒಳಗೇ ಚಳಿಯಲ್ಲಿ ಕಳೆದರು. ಬೆಳಗಾದ ಮೇಲೆ ಹೆಲಿಕಾಪ್ಟರ್ ನೌಕೆಯನ್ನು ದಡಕ್ಕೆ ಎಳೆದು ತಂದಿತು. ಇಬ್ಬರೂ ಬದುಕಿದರು.

---

ಕಪ್ಪತಗುಡ್ಡ ಟೆಕ್ನಿಷಿಯನ್ ಬರೆದದ್ದು:

ಟೀಚರ್, ಆ ಹುಡುಗಿಯ ಅಪ್ಪ ನಮ್ಮ ಜೊತೆಗಾರರೇ ಇರಬೇಕು. ಕಾಕಾ ಹೇಳಿದ ನಾಲ್ಕೂವರೆ ಮೀಟರ್ ನೋಡಿ ಆಶ್ಚರ್ಯವಾಯಿತು. ನಮ್ಮ ಫ್ಯಾನ್‌ಗಳು ತಿರುಗಲು ಶುರು ಮಾಡುವುದೇ ಸೆಕೆಂಡಿಗೆ 3 ಮೀಟರ್ ಆಸುಪಾಸಿನಲ್ಲಿ. ನಾಲ್ಕೂವರೆಗೆ ಕರೆಂಟ್ ಸ್ವಲ್ಪವೇ ಬರುತ್ತದೆ. ಪೂರ್ತಿ ಬರಬೇಕಾದರೆ 11-12 ಮೀಟರ್ ಬೇಕು. ಆಷಾಢದ ಗಾಳಿಯಲ್ಲಿ ನಮಗೆ ಸುಗ್ಗಿ. ಅದೇ ಗಾಳಿ ಸಮುದ್ರದ ಮೇಲಿದ್ದರೆ ನೌಕೆ ಇಳಿಸುವ ಹಾಗೇ ಇಲ್ಲ.

ಮಕ್ಕಳಿಗೆ ಹೇಳುವಾಗ ಒಂದು ವಿಷಯ ಮರೆಯಬೇಡಿ. ಫ್ಯಾನಿನ ಗಾಳಿ ಅಂದರೆ ನೆಲದಿಂದ ಎಂಬತ್ತು, ನೂರು ಮೀಟರ್ ಮೇಲಿನ ಗಾಳಿ. ನೆಲದ ಹತ್ತಿರ ಗಿಡ, ಮನೆ, ದಿಬ್ಬ ಎಲ್ಲಾ ಅಡ್ಡ ಬಂದು ಅದು ಕಡಿಮೆಯಾಗಿರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಕೆಳಗೆ ಎಲೆ ಮಾತ್ರ ಅಲ್ಲಾಡುವುದನ್ನು ನಾವು ದಿನಾ ನೋಡುತ್ತೇವೆ.

---

ಮುಂಡರಗಿ ಟೀಚರ್ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಕಾಕಾ ಅವರೆ, 15 ಮತ್ತು 12 ನಾಳೆಯೇ ಬೋರ್ಡ್ ಮೇಲೆ ಬರುತ್ತದೆ. ಇನ್ನೊಂದು ಸಣ್ಣ ಪ್ರಶ್ನೆ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇಸ್ರೋದವರು ಪುಷ್ಪಕ್ ಎಂಬ ರೆಕ್ಕೆಯ ನೌಕೆಯನ್ನು ಪರೀಕ್ಷೆಗೆ ಇಳಿಸಿದರಲ್ಲ, ಅದರಲ್ಲಿ ಪೈಲಟ್ ಇಲ್ಲ. ಕಣ್ಣೇ ಇಲ್ಲದಿದ್ದರೆ ಬೆಳಕು ಬೇಡ. ಆದರೂ ಮೂರೂ ಸಲ ಬೆಳಗ್ಗೆಯೇ ಯಾಕೆ?

---

ಕೇಶ್ವಾಪುರ ಕಾಕಾ ಬರೆದದ್ದು:

ಅಕ್ಕೋರೆ, ಸರಿಯಾಗಿ ಹಿಡಿದಿರಿ. ಚಳ್ಳಕೆರೆ ಹತ್ತಿರದ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಬೆಳಗ್ಗೆ 7.40ಕ್ಕೆ ಮೊದಲ ಸಲ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರ ಪರೀಕ್ಷೆಗಳು 7.10ಕ್ಕೆ. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಡುತ್ತದೆ. ಅಲ್ಲಿಂದ ತಾನೇ ದಾರಿ ಹುಡುಕಿ ರನ್‌ವೇಗೆ ಬರುತ್ತದೆ. ಇಳಿಯುವ ವೇಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚು. ಪ್ರಯಾಣಿಕರ ವಿಮಾನದ್ದು 260. ಇಷ್ಟು ವೇಗದಲ್ಲಿ ಅಡ್ಡಗಾಳಿಯ ಒಂದು ತಳ್ಳು ಸಾಕು.

ಬೆಳಗಿನ ಹೊತ್ತಿನ ಗುಣವೇ ಬೇರೆ. ರಾತ್ರಿ ನೆಲ ತಣ್ಣಗಾಗಿರುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ ಕೆಳಗೇ ಕೂತಿರುತ್ತದೆ. ಮೇಲಿನ ಜೋರು ಗಾಳಿಯನ್ನು ಕೆಳಗೆ ಬರಲು ಅದು ಬಿಡುವುದಿಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಬಿಸಿಗಾಳಿ ಏಳುತ್ತದೆ, ಮೇಲಿನದು ಕೆಳಗೆ ನುಗ್ಗುತ್ತದೆ, ಎಲ್ಲಾ ಕಲಸಿಹೋಗುತ್ತದೆ. ಮಧ್ಯಾಹ್ನ ಬಯಲಿನಲ್ಲಿ ಸುಂಟರಗಾಳಿ ಏಳುವುದು ಅದಕ್ಕೇ. ಏಳು ಗಂಟೆಗೆ ಗಾಳಿ ಇನ್ನೂ ಶಾಂತ, ಬೆಳಕು ಸಾಕಷ್ಟು. ಪುಷ್ಪಕ್‌ಗೆ ಕಣ್ಣು ಬೇಡ ನಿಜ, ಆದರೆ ಹೆಲಿಕಾಪ್ಟರ್ ನಡೆಸುವವರಿಗೆ ಬೇಕು, ಕೆಳಗಿನ ಕ್ಯಾಮೆರಾಗಳಿಗೂ ಬೇಕು.

ಜೂನ್ ಪರೀಕ್ಷೆಯನ್ನು ಮಾತ್ರ ಮಕ್ಕಳಿಗೆ ವಿಶೇಷವಾಗಿ ಹೇಳಿ. ಕಾರಹುಣ್ಣಿಮೆ ಆಸುಪಾಸು, ನಮ್ಮ ಕಡೆ ಮುಂಗಾರು ಗಾಳಿ ಬೀಸುವ ಕಾಲ. ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟು, ಮೊದಲಿಗಿಂತ ಜೋರು ಗಾಳಿಯಲ್ಲಿ ಇಳಿಸಿದೆವು ಎಂದು ಇಸ್ರೋದವರೇ ಹೇಳಿದ್ದಾರೆ. ಹಿಂದಿನ ಸಲ ಪಕ್ಕಕ್ಕೆ ಬಿಟ್ಟದ್ದು 150 ಮೀಟರ್. ಸುಲಭದ ಹವೆಯಲ್ಲಿ ಕಲಿತದ್ದನ್ನು ಕಷ್ಟದ ಹವೆಯಲ್ಲಿ ಪರೀಕ್ಷೆ ಮಾಡಿದರು. ನನಗೆ ಹೆಮ್ಮೆ ಅನಿಸಿದ್ದು ಅಲ್ಲಿ.

ಶಾಲೆಯ ಧ್ವಜಕಂಬಕ್ಕೆ ಒಂದು ಹಗುರ ರಿಬ್ಬನ್ ಕಟ್ಟಿಸಿ. ಬೆಳಗ್ಗೆ ಪ್ರಾರ್ಥನೆಗೆ ಮೊದಲು ಒಮ್ಮೆ, ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಅದು ಎತ್ತ ಕಡೆ, ಎಷ್ಟು ಮೇಲೆದ್ದಿದೆ ಎಂದು ಮಕ್ಕಳು ಬರೆದಿಡಲಿ. ಆ ಹುಡುಗಿಯ ಅಪ್ಪ ಅದೇ ಹೊತ್ತಿನ ಫ್ಯಾನಿನ ಗಾಳಿ ಅಂಕಿ ಕೊಟ್ಟರೆ ಇನ್ನೂ ಚೆನ್ನ, ಮೇಲಿನದನ್ನೂ ಕೆಳಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಪಟ್ಟಿ ಇಲ್ಲಿ ಹಾಕಿ ಅಕ್ಕೋರೆ, ನಾನೂ ಕೂತು ನೋಡುತ್ತೇನೆ.